ಒಂದೇ ಹಲ್ಲು, ಎರಡು ಮುಖ

1993ರಲ್ಲಿ ಅಮೆರಿಕದ ಉತ್ತರ ಫ್ಲಾರಿಡಾದ ನಾಲ್ಕು ಕೌಂಟಿಗಳಲ್ಲಿ ಹಲ್ಲುಗಳ ಲೆಕ್ಕವೊಂದು ಶುರುವಾಯಿತು. ವಯಸ್ಸು ನಲವತ್ತೈದು ಮುಟ್ಟಿದ, ಬಾಯಲ್ಲಿ ಒಂದಾದರೂ ಹಲ್ಲು ಉಳಿದಿದ್ದ 873 ಮಂದಿಯನ್ನು ಆರಿಸಿ, ಅವರ ಹಲ್ಲುಗಳು ಯಾವಾಗ, ಯಾಕೆ ಉದುರುತ್ತವೆ, ಯಾರ ಕೈಯಲ್ಲಿ ಕೀಳಿಸಿಕೊಳ್ಳುತ್ತವೆ ಎಂದು ವರ್ಷಗಟ್ಟಲೆ ಬೆನ್ನುಹತ್ತಿ ನೋಡುವ ಕೆಲಸ ಅದು. ಇದರ ಹಿಂದಿದ್ದವರು ಗ್ರೆಗ್ ಗಿಲ್ಬರ್ಟ್ ಎಂಬ ದಂತವೈದ್ಯ. ಅವರ ತಂಡದವರು ಆರು ತಿಂಗಳಿಗೊಮ್ಮೆ ಈ ಜನರನ್ನು ಮಾತಾಡಿಸುತ್ತಿದ್ದರು. ಹಲ್ಲು ನೋಯಿತೇ, ಡಾಕ್ಟರ ಹತ್ತಿರ ಹೋದಿರೇ, ಅವರು ಏನು ಮಾಡಿದರು? ಆಗಾಗ ಬಾಯಿ ತೆರೆಸಿ ಪರೀಕ್ಷಿಸುತ್ತಿದ್ದರು. ವರ್ಷಗಳು ಕಳೆದಂತೆ ಕಡತಗಳಲ್ಲಿ ಒಂದು ಗೆರೆ ಮೂಡತೊಡಗಿತು. ಕರಿಯರು ಬಿಳಿಯರಿಗಿಂತ ಹೆಚ್ಚು ಹಲ್ಲು ಕಳೆದುಕೊಳ್ಳುತ್ತಿದ್ದರು. ಅಷ್ಟೇ ಆಗಿದ್ದರೆ ಹೊಸತೇನೂ ಇರಲಿಲ್ಲ. ಆದರೆ ದಂತವೈದ್ಯರ ಕುರ್ಚಿಯವರೆಗೆ ಬಂದು ಕೂತ ಮೇಲೂ ಕರಿಯರ ಪಾಲಿಗೆ ಇಕ್ಕಳ ಬರುವುದೇ ಹೆಚ್ಚಾಗಿತ್ತು.

ಈ ಗೆರೆಯನ್ನು ಕಂಡವರೆಲ್ಲರ ಬಳಿ ಉತ್ತರ ಸಿದ್ಧವಾಗಿತ್ತು. ರೂಟ್ ಕೆನಾಲ್ ಎಂದರೆ ದುಡ್ಡು, ಎರಡು ಮೂರು ಸಲ ಬರಬೇಕು, ಆಮೇಲೆ ಕ್ಯಾಪ್ ಹಾಕಿಸಬೇಕು. ಹಲ್ಲು ಕೀಳುವುದು ಒಂದೇ ಸಲದ ಕೆಲಸ, ಅಗ್ಗ. ಬಡವರು ಕೀಳಿಸಿಕೊಳ್ಳುತ್ತಾರೆ, ಕರಿಯರಲ್ಲಿ ಬಡವರು ಹೆಚ್ಚು, ಅಲ್ಲಿಗೆ ಕತೆ ಮುಗಿಯಿತು. ಅಥವಾ ಅವರು ತಡವಾಗಿ ಬರುತ್ತಾರೆ, ಅಷ್ಟರಲ್ಲಿ ಹುಳುಕು ಹಲ್ಲಿನ ನರವನ್ನು ತಿಂದು ಮುಗಿಸಿರುತ್ತದೆ. ಅಥವಾ ಅವರೇ ಕೀಳಿ ಎಂದು ಕೇಳುತ್ತಾರೆ. ಇವುಗಳಲ್ಲಿ ಯಾವುದೂ ಸುಳ್ಳಾಗಿರಲಿಲ್ಲ, ತೊಡಕೂ ಅದೇ. ಪ್ರತಿಯೊಂದರಲ್ಲೂ ಸ್ವಲ್ಪ ಸ್ವಲ್ಪ ನಿಜವಿತ್ತು. ಆ ನಿಜಗಳ ರಾಶಿಯಡಿಯಲ್ಲಿ ಇನ್ನೊಂದು ನಿಜ ಅಡಗಿದ್ದರೆ ಅದನ್ನು ಹೊರಗೆಳೆಯುವುದು ಹೇಗೆ? ಕೈಯಲ್ಲಿ ಇಕ್ಕಳ ಹಿಡಿದವರ ಮನಸ್ಸಿನಲ್ಲಿ ಏನಾದರೂ ನಡೆಯುತ್ತಿದೆಯೇ ಎಂದು ಕೇಳಿದರೆ, ನಾನು ಹಲ್ಲು ನೋಡುತ್ತೇನೆ, ಬಣ್ಣ ನೋಡುವುದಿಲ್ಲ ಎನ್ನುವುದು ಅವರ ಉತ್ತರ. ಹಾಗೆ ಹೇಳುವವರು ಸುಳ್ಳು ಹೇಳುತ್ತಿರಲಿಲ್ಲ. ಈ ಕತೆ ಎರಡೂವರೆ ದಶಕ ಎಳೆದದ್ದು ಅದಕ್ಕೇ.

ಅದೇ 1993ರಲ್ಲಿ, ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸಿನಲ್ಲಿ, ನಾಕ್ಸ್ ಟಾಡ್ ಎಂಬ ಎಮರ್ಜೆನ್ಸಿ ವೈದ್ಯರು ಈ ಗಂಟನ್ನು ಬೇರೆ ಕಡೆಯಿಂದ ಬಿಚ್ಚಲು ಹೊರಟಿದ್ದರು. ಅವರು ಹುಡುಕಿದ್ದು ಮುರಿದ ಮೂಳೆಗಳನ್ನು. ಆಯ್ಕೆ ಜಾಣತನದ್ದು. ತಲೆನೋವಿನಲ್ಲಿ, ಬೆನ್ನುನೋವಿನಲ್ಲಿ ರೋಗಿಯ ಮಾತನ್ನು ನಂಬಬೇಕು. ಕೈಕಾಲಿನ ಉದ್ದ ಮೂಳೆ ಮುರಿದಿದ್ದರೆ ಎಕ್ಸ್-ರೇಯೇ ಸಾಕ್ಷಿ. ಅದು ನೋಯುತ್ತದೆಯೋ ಇಲ್ಲವೋ ಎಂದು ವಾದಿಸಲು ಜಾಗವೇ ಇಲ್ಲ. ಟಾಡ್ ಮತ್ತು ಜೊತೆಗಾರರು ತಮ್ಮ ವಿಶ್ವವಿದ್ಯಾಲಯದ ಆಸ್ಪತ್ರೆಯ 1990 ಮತ್ತು 1991ರ ಕಡತಗಳನ್ನು ತೆಗೆದರು. ಬೇರೆ ಯಾವ ಗಾಯವೂ ಇಲ್ಲದೆ ಮೂಳೆಯೊಂದೇ ಮುರಿದು ಬಂದಿದ್ದವರು 139 ಮಂದಿ ಸಿಕ್ಕರು. 108 ಮಂದಿ ಬಿಳಿಯರು, 31 ಮಂದಿ ಲ್ಯಾಟಿನ್ ಅಮೆರಿಕದ ಮೂಲದ ಹಿಸ್ಪಾನಿಕರು. ಎಣಿಕೆ ಸರಳವಾಗಿತ್ತು: ಎಮರ್ಜೆನ್ಸಿಯಲ್ಲಿದ್ದಷ್ಟು ಹೊತ್ತು ನೋವಿಗೆ ಔಷಧ ಕೊಟ್ಟರೇ, ಇಲ್ಲವೇ?

ಬಿಳಿಯರಲ್ಲಿ ನೂರಕ್ಕೆ 26 ಮಂದಿಗೆ ಯಾವ ಔಷಧವೂ ಸಿಕ್ಕಿರಲಿಲ್ಲ. ಹಿಸ್ಪಾನಿಕರಲ್ಲಿ ನೂರಕ್ಕೆ 55 ಮಂದಿಗೆ. ಭಾಷೆ, ಲಿಂಗ, ವಿಮೆ, ಪೆಟ್ಟಿನ ತೀವ್ರತೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸರಿದೂಗಿಸಿ ನೋಡಿದರೂ ವ್ಯತ್ಯಾಸ ಅಳಿಯಲಿಲ್ಲ. ಮುರಿದ ಮೂಳೆಗೆ ನೋವಿನ ಮದ್ದು ಕೊಡದೆ ಅರ್ಧಕ್ಕಿಂತ ಹೆಚ್ಚು ಹಿಸ್ಪಾನಿಕರನ್ನು ಮಲಗಿಸಿಟ್ಟಿದ್ದ ಆಸ್ಪತ್ರೆ ಯಾವುದೋ ಮೂಲೆಯ ಡಿಸ್ಪೆನ್ಸರಿ ಆಗಿರಲಿಲ್ಲ. ದೇಶದ ಹೆಸರಾಂತ ವೈದ್ಯಕೀಯ ಕೇಂದ್ರಗಳಲ್ಲಿ ಒಂದಾಗಿತ್ತು.

ಟಾಡ್ ಅವರಿಗೆ ಕಾರಣ ಹೊಳೆಯಿತು. ಬೇರೆ ಸಂಸ್ಕೃತಿಯ ರೋಗಿಯ ಮುಖದ ನೋವು ವೈದ್ಯರಿಗೆ ಓದಲು ಬರುತ್ತಿಲ್ಲ. ಯಾರು ಎಷ್ಟು ನರಳುತ್ತಾರೆ, ಯಾರು ಹಲ್ಲುಕಚ್ಚಿ ಸಹಿಸುತ್ತಾರೆ ಎಂಬುದು ಊರಿಂದ ಊರಿಗೆ ಬೇರೆ. ವೈದ್ಯರು ನೋವನ್ನು ಕಡಿಮೆ ಎಂದು ತಪ್ಪಾಗಿ ಅಂದಾಜು ಮಾಡುತ್ತಿದ್ದಾರೆ, ಅದಕ್ಕೇ ಔಷಧ ಕೊಡುತ್ತಿಲ್ಲ. ಚಂದದ ಊಹೆ. ಯಾರನ್ನೂ ನೋಯಿಸದ ಊಹೆ ಕೂಡ. ಓದುವುದನ್ನು ಕಲಿಸಿಬಿಟ್ಟರೆ ರೋಗ ವಾಸಿ. ಪರೀಕ್ಷಿಸಿಯೇ ಬಿಡೋಣ ಎಂದು ಕೈಕಾಲಿಗೆ ಪೆಟ್ಟು ಮಾಡಿಕೊಂಡು ಬಂದ 207 ಮಂದಿಯನ್ನು ನೋವು ಎಷ್ಟಿದೆ, ಗುರುತು ಮಾಡಿ ಎಂದು ಕೇಳಿದರು. ಅವರನ್ನು ಆಗಷ್ಟೇ ನೋಡಿ ಹೊರಬಂದ ವೈದ್ಯರನ್ನೂ ಕೇಳಿದರು: ಆ ರೋಗಿಗೆ ಎಷ್ಟು ನೋಯುತ್ತಿರಬಹುದು?

1994ರಲ್ಲಿ ಪ್ರಕಟವಾದ ಉತ್ತರ ಊಹೆಯನ್ನು ನೆಲಕಚ್ಚಿಸಿತು. ವೈದ್ಯರ ಅಂದಾಜಿನಲ್ಲಿ ಬಿಳಿಯ, ಹಿಸ್ಪಾನಿಕ ಎಂಬ ವ್ಯತ್ಯಾಸವೇ ಇರಲಿಲ್ಲ. ನೋವನ್ನು ಅವರು ಸರಿಸಮನಾಗಿ ಓದುತ್ತಿದ್ದರು. ಕಣ್ಣಿಗೆ ಕಾಣುತ್ತಿತ್ತು, ತಲೆಗೆ ಗೊತ್ತಾಗುತ್ತಿತ್ತು. ಅಲ್ಲಿಂದ ಕೈಗೆ ಬರುವ ದಾರಿಯಲ್ಲಿ ಎಲ್ಲೋ ಏನೋ ಕಳೆದುಹೋಗುತ್ತಿತ್ತು. ಇಡೀ ಕತೆಯಲ್ಲಿ ಇದಕ್ಕಿಂತ ದೊಡ್ಡ ಸೋಲಿಲ್ಲ, ಇದಕ್ಕಿಂತ ಉಪಯೋಗಕ್ಕೆ ಬಂದ ಸೋಲೂ ಇಲ್ಲ. ಮುಂದೆ ಅಟ್ಲಾಂಟಾದಲ್ಲಿ ಟಾಡ್ ಅದೇ ಮೂಳೆಯ ಲೆಕ್ಕವನ್ನು ಕರಿಯರು ಮತ್ತು ಬಿಳಿಯರ ನಡುವೆ ಮಾಡಿದಾಗ, 2000ದಲ್ಲಿ ಬಂದ ಫಲ ಹಳೆಯದನ್ನೇ ಇನ್ನೊಮ್ಮೆ ಹೇಳಿತು. ನೋವಿನ ದೂರು ಕಡತದಲ್ಲಿ ಇಬ್ಬರದ್ದೂ ಒಂದೇ ಬಗೆಯಲ್ಲಿ ದಾಖಲಾಗಿತ್ತು. ಔಷಧ ಸಿಕ್ಕಿದ್ದು ಬಿಳಿಯರಲ್ಲಿ ನೂರಕ್ಕೆ 74 ಮಂದಿಗೆ, ಕರಿಯರಲ್ಲಿ 57 ಮಂದಿಗೆ.

ಕಡತ ಎಷ್ಟೇ ಮಾತಾಡಿದರೂ ಅದರಲ್ಲಿ ಒಂದು ಬಿರುಕು ಇದ್ದೇ ಇರುತ್ತದೆ. ಇಬ್ಬರು ರೋಗಿಗಳು ಎಂದೂ ಒಂದೇ ಆಗಿರುವುದಿಲ್ಲ. ಆ ಬಿರುಕನ್ನು ಮುಚ್ಚಲು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕೆವಿನ್ ಶುಲ್ಮನ್ ಮತ್ತು ಸಂಗಡಿಗರು ರೋಗಿಗಳನ್ನೇ ಬಿಟ್ಟು ನಟರನ್ನು ಕರೆತಂದರು. ಎಂಟು ಮಂದಿ: ಕರಿಯರು, ಬಿಳಿಯರು, ಗಂಡಸರು, ಹೆಂಗಸರು, ಕೆಲವರು 55 ವರ್ಷದವರಾಗಿ, ಕೆಲವರು 70 ವರ್ಷದವರಾಗಿ. ಎಲ್ಲರಿಗೂ ಒಂದೇ ಬಗೆಯ ಆಸ್ಪತ್ರೆಯ ಗೌನು, ಒಂದೇ ಸಂಭಾಷಣೆ, ಒಂದೇ ಎದೆನೋವು. ಆ ವಿಡಿಯೋಗಳನ್ನು ಕಂಪ್ಯೂಟರಿಗೆ ಹಾಕಿ, ವೈದ್ಯರ ಎರಡು ದೊಡ್ಡ ರಾಷ್ಟ್ರೀಯ ಸಮ್ಮೇಳನಗಳಿಗೆ ಒಯ್ದರು. ವೈದ್ಯರು ಹೇಗೆ ತೀರ್ಮಾನ ಮಾಡುತ್ತಾರೆಂದು ತಿಳಿಯುವ ಅಧ್ಯಯನ ಎಂದಷ್ಟೇ ಹೇಳಿ 720 ವೈದ್ಯರನ್ನು ಪರದೆಯ ಮುಂದೆ ಕೂರಿಸಿದರು. ಕೊನೆಯ ಪ್ರಶ್ನೆ: ಹೃದಯದ ರಕ್ತನಾಳದೊಳಗೆ ಕೊಳವೆ ತೂರಿಸಿ ನೋಡುವ ಪರೀಕ್ಷೆಗೆ ಇವರನ್ನು ಕಳಿಸುತ್ತೀರಾ?

1999ರ ಫೆಬ್ರವರಿಯಲ್ಲಿ ಫಲಿತಾಂಶ ಹೊರಬಿದ್ದಾಗ ಅಮೆರಿಕ ಬೆಚ್ಚಿತು. ಕರಿಯರನ್ನೂ ಹೆಂಗಸರನ್ನೂ ವೈದ್ಯರು ಆ ಪರೀಕ್ಷೆಗೆ ಕಳಿಸುವ ಸಾಧ್ಯತೆ ಶೇಕಡ 40ರಷ್ಟು ಕಡಿಮೆ ಎಂದು ಪತ್ರಿಕೆಗಳು, ಟೀವಿಗಳು ಸಾರಿದವು. ಕೊನೆಗೂ ಕಳ್ಳ ಸಿಕ್ಕಿಬಿದ್ದ ಎನ್ನುವಂತಿತ್ತು. ಐದು ತಿಂಗಳಲ್ಲಿ ಆ ಸಂಭ್ರಮ ಮಣ್ಣುಪಾಲಾಯಿತು. ಲಿಸಾ ಶ್ವಾರ್ಟ್ಸ್, ಸ್ಟೀವನ್ ವೊಲೋಶಿನ್ ಮತ್ತು ಗಿಲ್ಬರ್ಟ್ ವೆಲ್ಚ್ ಎಂಬ ಮೂವರು ಅದೇ ಅಂಕಿಗಳನ್ನು ಕೈಗೆತ್ತಿಕೊಂಡು, ಅಧ್ಯಯನ ಪ್ರಕಟವಾಗಿದ್ದ ಅದೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು: ಮೂಲ ಲೇಖನದ ಅಂಕಿ ಒಂದು ಬಗೆಯ ಅನುಪಾತ, ಅದನ್ನು ಶೇಕಡ 40 ಎಂದು ಓದುವಂತಿಲ್ಲ. ನಿಜಕ್ಕೂ ಬಿಳಿಯರನ್ನು ಕಳಿಸಿದ್ದು ನೂರಕ್ಕೆ 90.6, ಕರಿಯರನ್ನು 84.7. ಅಂದರೆ ಕಡಿತ ಶೇಕಡ ಏಳರಷ್ಟು ಮಾತ್ರ. ತಪ್ಪು ಓದಿಗೆ ಎಡೆಕೊಟ್ಟ ಹೊಣೆಯನ್ನು ಪತ್ರಿಕೆಯ ಸಂಪಾದಕರು ತಮ್ಮ ಮೇಲೆ ಹೊತ್ತುಕೊಂಡರು.

ಆದರೆ ಅದೇ ಮೂವರ ಮರುಲೆಕ್ಕದಲ್ಲಿ, ಗದ್ದಲದ ನಡುವೆ ಹೆಚ್ಚು ಜನ ಗಮನಿಸದ ಒಂದು ಸಾಲಿತ್ತು. ಬಿಳಿಯ ಗಂಡಸು, ಬಿಳಿಯ ಹೆಂಗಸು, ಕರಿಯ ಗಂಡಸು, ಮೂವರನ್ನೂ ಕಳಿಸಿದ್ದು ಒಂದೇ ಪ್ರಮಾಣದಲ್ಲಿ, ನೂರಕ್ಕೆ 90.6. ಕರಿಯ ಹೆಂಗಸನ್ನು ಮಾತ್ರ 78.8. ಇಡೀ ವ್ಯತ್ಯಾಸ ಅವಳೊಬ್ಬಳ ಮೇಲೆ ಬಿದ್ದಿತ್ತು. ಸರಾಸರಿ ತೆಗೆದು ಎಲ್ಲರಿಗೂ ಹಂಚಿದಾಗ ಅವಳು ಕಾಣದಾಗಿದ್ದಳು. ಶೇಕಡ 40 ಸುಳ್ಳು ಎಂದು ನಿಟ್ಟುಸಿರು ಬಿಟ್ಟವರು ಈ ಸಾಲನ್ನೂ ಓದಿದ್ದರೆ ಚೆನ್ನಾಗಿತ್ತು.

ಅಂತೂ ವ್ಯತ್ಯಾಸ ಇದೆ ಎಂದಾಯಿತು. ವೈದ್ಯರು ಅದನ್ನು ಬೇಕೆಂದು ಮಾಡುತ್ತಿಲ್ಲ ಎಂಬುದನ್ನೂ ಬಹುತೇಕರು ಒಪ್ಪುತ್ತಿದ್ದರು. ಹಾಗಾದರೆ ಅದು ಎಲ್ಲಿ ಕೂತಿದೆ? ಇಲ್ಲಿಗೆ ಕತೆಯ ಇನ್ನೊಂದು ಎಳೆ ಬಂದು ಸೇರುತ್ತದೆ. ಅದು ಹೊರಟದ್ದು ಭಾರತದ ಒಂದು ರೈಲಿನಿಂದ.

ಸಿಕಂದರಾಬಾದಿನ ಪಾರ್ಸಿ ಮನೆತನದ ಹುಡುಗಿ ಮಹಜರೀನ್ ಬನಾಜಿ ದೆಹಲಿಯಲ್ಲಿ ಓದುತ್ತಿದ್ದರು. ಊರಿಗೆ ಹೊರಟ ರೈಲು ದಾರಿಯಲ್ಲಿ ಒಂದು ದೊಡ್ಡ ನಿಲ್ದಾಣದಲ್ಲಿ ನಿಂತಾಗ ಇಳಿದು ಪುಸ್ತಕದ ಅಂಗಡಿಗೆ ಹೋದರು. ಸಾಮಾಜಿಕ ಮನಶ್ಶಾಸ್ತ್ರದ ಕೈಪಿಡಿಯ ಐದು ದಪ್ಪ ಸಂಪುಟಗಳು ಅಲ್ಲಿದ್ದವು, ಒಂದಕ್ಕೆ ಒಂದು ಡಾಲರಿನಷ್ಟು ಬೆಲೆ. ಅಗ್ಗವಾಗಿ ಸಿಕ್ಕಿತೆಂದು ಐದನ್ನೂ ಕೊಂಡು ಸೀಟಿಗೆ ಮರಳಿದರು. ಹೈದರಾಬಾದು ತಲುಪುವಷ್ಟರಲ್ಲಿ ಒಂದು ಸಂಪುಟ ಓದಿ ಮುಗಿದಿತ್ತು, ಜೀವನದ ದಾರಿ ತಿರುಗಿತ್ತು. ಪ್ರಯೋಗ ಮಾಡಿ ಮನುಷ್ಯರ ಪರಸ್ಪರ ಭಾವನೆಗಳನ್ನು ಅಳೆಯಬಹುದು ಎಂಬುದೇ ಅವರಿಗೆ ಹೊಸ ಲೋಕವಾಗಿ ಕಂಡಿತು. ಆ ಅಂಗಡಿಯಲ್ಲಿ ಅಂದು ಬೇರೆ ಪುಸ್ತಕ ಇದ್ದಿದ್ದರೆ ಈ ಕತೆಯ ಉಳಿದ ಭಾಗ ಹೇಗಿರುತ್ತಿತ್ತೋ. ಬನಾಜಿ ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿ ಆಂಥನಿ ಗ್ರೀನ್‌ವಾಲ್ಡ್ ಎಂಬ ಪ್ರಾಧ್ಯಾಪಕರ ಶಿಷ್ಯೆಯಾದರು. ಗುರು ಶಿಷ್ಯೆ ಇಬ್ಬರಿಗೂ ಹಿಡಿದ ಗೀಳು ಒಂದೇ: ಬಾಯಿ ಹೇಳದ, ಮನಸ್ಸಿಗೂ ಗೊತ್ತಿಲ್ಲದ ಒಲವನ್ನು ಅಳೆಯುವುದು ಹೇಗೆ?

1994ರಲ್ಲಿ, ಆ ಹೊತ್ತಿಗೆ ಸಿಯಾಟಲ್‌ನಲ್ಲಿದ್ದ ಗ್ರೀನ್‌ವಾಲ್ಡ್ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಪರದೆಯ ಮೇಲೆ ಪದಗಳು ಒಂದರ ಹಿಂದೊಂದು ಬರುತ್ತವೆ: ಹೂವಿನ ಹೆಸರು, ಹುಳುವಿನ ಹೆಸರು, ಹಿತವಾದ ಮಾತು, ಅಹಿತವಾದ ಮಾತು. ಹೂವು ಅಥವಾ ಹಿತವಾದದ್ದು ಬಂದರೆ ಒಂದು ಗುಂಡಿ, ಹುಳು ಅಥವಾ ಅಹಿತವಾದದ್ದು ಬಂದರೆ ಇನ್ನೊಂದು. ಬೆರಳು ಹರಿಯುವ ನೀರಿನಂತೆ ಓಡಿತು. ಆಮೇಲೆ ಜೋಡಿ ಬದಲಾಯಿಸಿ ಹುಳುವನ್ನು ಹಿತದ ಜೊತೆ, ಹೂವನ್ನು ಅಹಿತದ ಜೊತೆ ಇಟ್ಟಾಗ ಬೆರಳು ತಡವರಿಸಿತು. ಮನಸ್ಸಿನಲ್ಲಿ ಹೂವಿಗೂ ಹಿತಕ್ಕೂ ಇರುವ ನಂಟನ್ನು ಸೆಕೆಂಡಿನ ಸಣ್ಣ ಚೂರುಗಳಲ್ಲಿ ಅಳೆಯಬಹುದು ಎಂದಾಯಿತು. ಮುಂದಿನ ಹೆಜ್ಜೆ ಸಹಜವಾಗಿತ್ತು. ಹೂವು ಹುಳುಗಳ ಜಾಗದಲ್ಲಿ ಬಿಳಿಯರ, ಕರಿಯರ ಹೆಸರುಗಳನ್ನು ಇಟ್ಟು ಗ್ರೀನ್‌ವಾಲ್ಡ್ ತಾವೇ ಕೂತರು. ಬಿಳಿಯರ ಹೆಸರು ಹಿತದ ಜೊತೆ ಇದ್ದಾಗ ಬೆರಳು ಓಡಿತು. ಕರಿಯರ ಹೆಸರು ಹಿತದ ಜೊತೆ ಬಂದಾಗ ತೊಡರಿತು. ಮತ್ತೆ ಮಾಡಿದರು, ಮತ್ತೆ ಅದೇ. ಉಪಕರಣ ಕೆಲಸ ಮಾಡುತ್ತಿದೆ ಎಂಬ ವಿಜ್ಞಾನಿಯ ಹಿಗ್ಗೂ, ತನ್ನೊಳಗೆ ತಾನು ಬಯಸದ ಏನೋ ಇದೆ ಎಂಬ ಮನುಷ್ಯನ ಕಳವಳವೂ ಒಟ್ಟಿಗೇ ಬಂದವು. ಬನಾಜಿಯವರ ಬೆರಳೂ ಹಾಗೆಯೇ ತೊಡರಿತು. 1998ರಲ್ಲಿ ಈ ಪರೀಕ್ಷೆ ಪ್ರಕಟವಾಯಿತು.

ಇದನ್ನು ಆಸ್ಪತ್ರೆಗೆ ತಂದವರು ಬಾಸ್ಟನ್ನಿನ ವೈದ್ಯ ಅಲೆಕ್ಸಾಂಡರ್ ಗ್ರೀನ್. ಬಾಸ್ಟನ್ ಮತ್ತು ಅಟ್ಲಾಂಟಾದ ಬೋಧನಾ ಆಸ್ಪತ್ರೆಗಳಲ್ಲಿ ತರಬೇತಿಯಲ್ಲಿದ್ದ 287 ಯುವ ವೈದ್ಯರಿಗೆ ಒಂದು ಪ್ರಕರಣ ಕೊಟ್ಟರು. ಎದೆನೋವಿನ ರೋಗಿ, ಹೃದಯಾಘಾತದ ಲಕ್ಷಣ, ರಕ್ತದ ಹೆಪ್ಪು ಕರಗಿಸುವ ಔಷಧ ಕೊಡುತ್ತೀರಾ? ಜೊತೆಗೆ ಒಂದು ಫೋಟೋ, ಕೆಲವರಿಗೆ ಕರಿಯನದ್ದು, ಕೆಲವರಿಗೆ ಬಿಳಿಯನದ್ದು. ಉತ್ತರಿಸಿದ ಮೇಲೆ ಬೆರಳಿನ ಪರೀಕ್ಷೆ. ಕೇಳಿದರೆ ವೈದ್ಯರು ಇಬ್ಬರೂ ನಮಗೆ ಸಮಾನ ಎಂದರು. ಬೆರಳು ಬಿಳಿಯರ ಕಡೆ ವಾಲಿತು. ಯಾರ ಬೆರಳು ಹೆಚ್ಚು ವಾಲಿತೋ ಅವರು ಕರಿಯ ರೋಗಿಗೆ ಆ ಔಷಧ ಕೊಡುವುದು ಕಡಿಮೆಯಾಗಿತ್ತು. 2007ರಲ್ಲಿ ಇದು ಪ್ರಕಟವಾದಾಗ ಗುಪ್ತ ಒಲವಿಗೂ ಚಿಕಿತ್ಸೆಗೂ ನೇರ ದಾರ ಸಿಕ್ಕಿತು ಎಂದು ಎಲ್ಲರಿಗೂ ಅನ್ನಿಸಿತು. ಈ ಲೆಕ್ಕದಲ್ಲಿ ಇದ್ದದ್ದು 220 ಮಂದಿ. ಉಳಿದ 67 ಮಂದಿಗೆ ಇದು ಬಣ್ಣದ ಬಗೆಗಿನ ಪರೀಕ್ಷೆ ಎಂಬ ವಾಸನೆ ಹತ್ತಿಬಿಟ್ಟಿತ್ತು. ಪರೀಕ್ಷೆ ಕೆಡಬಾರದೆಂದು ಅವರನ್ನು ಪಕ್ಕಕ್ಕಿಟ್ಟಿದ್ದರು.

ದಾರ ಕೈಗೆ ಸಿಕ್ಕಿದಷ್ಟೇ ಬೇಗ ಜಾರಿತು. ಅದಿಲ್ ಹೈದರ್ ಎಂಬ ಶಸ್ತ್ರವೈದ್ಯರ ತಂಡ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಕಾಲೇಜಿಗೆ ಹೊಸದಾಗಿ ಸೇರಿದ 202 ವಿದ್ಯಾರ್ಥಿಗಳನ್ನು ಇದೇ ರೀತಿ ಪರೀಕ್ಷಿಸಿತು. ನೂರಕ್ಕೆ 69 ಮಂದಿಯ ಬೆರಳು ಬಿಳಿಯರ ಕಡೆ ವಾಲಿತು. ಆದರೆ ಕಾಗದದ ಮೇಲಿನ ರೋಗಿಗಳಿಗೆ ಅವರು ಹೇಳಿದ ಚಿಕಿತ್ಸೆಗೂ ಆ ವಾಲಿಕೆಗೂ ಯಾವ ಸಂಬಂಧವೂ ಕಾಣಲಿಲ್ಲ. 2011ರಲ್ಲಿ ಇದು ಪ್ರಕಟವಾಯಿತು. ಬೇರೆ ಕಡೆಯೂ ದಾರ ಒಮ್ಮೆ ಸಿಕ್ಕಿತು, ಹಲವು ಬಾರಿ ಸಿಗಲಿಲ್ಲ. ಬೆರಳಿನ ಪರೀಕ್ಷೆಯ ಮೇಲೆಯೇ ಅನುಮಾನದ ಮಾತುಗಳು ಎದ್ದವು. ಇಂದು ಮಾಡಿದರೆ ಒಂದು ಅಂಕ, ಇನ್ನೊಂದು ದಿನ ಮಾಡಿದರೆ ಮತ್ತೊಂದು. ಒಬ್ಬೊಬ್ಬ ವೈದ್ಯರ ಅಂಕ ನೋಡಿ ಅವರ ನಡತೆ ಹೇಳುವಷ್ಟು ಗಟ್ಟಿಯಾದ ಅಳತೆ ಅದಾಗಿರಲಿಲ್ಲ. ಅನುಮಾನಪಟ್ಟವರ ವಾದದಲ್ಲಿ ತೂಕವಿತ್ತು, ಅದು ಇಂದಿಗೂ ಇದೆ.

ಹಾಗಿರುವಾಗ ವರ್ಜೀನಿಯಾ ವಿಶ್ವವಿದ್ಯಾಲಯದ ಕೆಲಿ ಹಾಫ್ಮನ್ ಒಂದು ನೇರವಾದ ದಾರಿ ಹಿಡಿದರು. ಬೆರಳಿನ ವೇಗವನ್ನು ಬಿಟ್ಟು, ವಿದ್ಯಾರ್ಥಿಗಳು ಏನನ್ನು ನಿಜವೆಂದು ನಂಬಿದ್ದಾರೆ ಎಂದು ಕೇಳಿದರು. 222 ಮಂದಿ ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ತರಬೇತಿ ವೈದ್ಯರ ಮುಂದೆ ಒಂದಷ್ಟು ಹೇಳಿಕೆಗಳನ್ನು ಇಟ್ಟರು. ಕರಿಯರ ಚರ್ಮ ಬಿಳಿಯರದ್ದಕ್ಕಿಂತ ದಪ್ಪ. ಕರಿಯರ ನರಗಳ ತುದಿಗೆ ಸಂವೇದನೆ ಕಡಿಮೆ. ಕರಿಯರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಎಲ್ಲವೂ ಸುಳ್ಳು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸುಮಾರು ಅರ್ಧದಷ್ಟು ಮಂದಿ ಇಂಥ ಒಂದಾದರೂ ಸುಳ್ಳನ್ನು ಹೌದು, ಇರಬಹುದು ಎಂದು ಒಪ್ಪಿದ್ದರು. ದಪ್ಪ ಚರ್ಮದ ಮಾತನ್ನು ಮೊದಲ ವರ್ಷದವರಲ್ಲಿ ನೂರಕ್ಕೆ 40 ಮಂದಿ ಒಪ್ಪಿದ್ದರೆ, ಓದು ಮುಗಿಸಿ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದವರಲ್ಲೂ ನೂರಕ್ಕೆ 25 ಮಂದಿ ಒಪ್ಪಿದ್ದರು. ಅಂಥವರಿಗೆ ಮುರಿದ ಕಾಲಿನ ಅಥವಾ ಮೂತ್ರಪಿಂಡದ ಕಲ್ಲಿನ ಪ್ರಕರಣ ಕೊಟ್ಟಾಗ ಕರಿಯ ರೋಗಿಯ ನೋವು ಕಡಿಮೆ ಎಂದು ಕಂಡಿತು, ಸೂಚಿಸಿದ ಚಿಕಿತ್ಸೆಯೂ ತಪ್ಪಿತು.

ದಪ್ಪ ಚರ್ಮದ ಈ ಮಾತು ಎಲ್ಲಿಂದ ಬಂತು? 1855ರಲ್ಲಿ ಲಂಡನ್ನಿನಲ್ಲಿ ಒಂದು ಆತ್ಮಕತೆ ಅಚ್ಚಾಗಿತ್ತು. ಅದನ್ನು ಹೇಳಿದವರು ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಬಂದಿದ್ದ ಜಾನ್ ಬ್ರೌನ್. ಥಾಮಸ್ ಹ್ಯಾಮಿಲ್ಟನ್ ಎಂಬ ವೈದ್ಯ ತನ್ನ ಮೈಮೇಲೆ ಪ್ರಯೋಗ ಮಾಡಿದ ಬಗೆಯನ್ನು ಬ್ರೌನ್ ಅದರಲ್ಲಿ ವಿವರಿಸಿದ್ದಾರೆ. ಕಪ್ಪು ಬಣ್ಣ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲು ಆ ವೈದ್ಯ ಅವರ ಕೈಕಾಲುಗಳ ಚರ್ಮದ ಮೇಲೆ ಬೊಬ್ಬೆ ಎಬ್ಬಿಸಿ ಎಬ್ಬಿಸಿ ನೋಡಿದ್ದ. ಕರಿಯರಿಗೆ ನೋವು ಕಡಿಮೆ ಎಂಬ ಮಾತು ಗುಲಾಮರ ಮಾಲೀಕರಿಗೆ ಬೇಕಾಗಿತ್ತು, ವೈದ್ಯರು ಅದಕ್ಕೆ ಶಾಸ್ತ್ರದ ಉಡುಪು ತೊಡಿಸಿದರು. ಗುಲಾಮಗಿರಿ ಹೋಯಿತು. ಆ ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟುತ್ತ ಒಂದೂವರೆ ಶತಮಾನ ಬದುಕಿ, ಪ್ರವೇಶ ಪರೀಕ್ಷೆ ಗೆದ್ದು ಬಂದ ಜಾಣ ವಿದ್ಯಾರ್ಥಿಯ ತಲೆಯೊಳಗೆ ಕೂತಿತ್ತು.

ಈ ನಡುವೆ ಹಲ್ಲಿನ ಪ್ರಶ್ನೆಯನ್ನೂ ಇಂಥದೇ ಪ್ರಯೋಗಕ್ಕೆ ಒಡ್ಡಿದ್ದರು. ಮೊದಲು ಅದನ್ನು ಕೇಳಿದ್ದು ಬ್ರೆಜಿಲ್. ಆ ದೇಶಕ್ಕೆ ತನ್ನಲ್ಲಿ ಎಲ್ಲ ಬಣ್ಣಗಳೂ ಬೆರೆತು ಒಂದಾಗಿವೆ ಎಂಬ ಹೆಮ್ಮೆ ಇತ್ತು. ರೆಸೀಫೆ ನಗರದ ದಂತವೈದ್ಯರ ಮುಂದೆ ಸಂಶೋಧಕರು ವಿಪರೀತ ಹುಳುಕಾದ ಒಂದು ಹಲ್ಲನ್ನು ಇಟ್ಟರು. ಹಲ್ಲು ಒಂದೇ, ರೋಗಿಯ ಬಣ್ಣ ಮಾತ್ರ ಬೇರೆ. ಕೀಳುವುದೋ ಉಳಿಸುವುದೋ? 2005ರಲ್ಲಿ ಪ್ರಕಟವಾದ ಉತ್ತರ: ರೋಗಿ ಕರಿಯನಾಗಿದ್ದಾಗ ಕೀಳುವ ತೀರ್ಮಾನ ಹೆಚ್ಚು.

ಆಮೇಲೆ ಲಂಡನ್. ಕಿಂಗ್ಸ್ ಕಾಲೇಜಿನ ರೂಟ್ ಕೆನಾಲ್ ತಜ್ಞರು, ಇಟಲಿಯ ಸಹೋದ್ಯೋಗಿಗಳ ಜೊತೆ ಸೇರಿ, 57 ದಂತವೈದ್ಯರಿಗೆ ಒಂದು ಪ್ರಕರಣ ಕೊಟ್ಟರು. ಮುರಿದು ಸವೆದ ಹಲ್ಲು, ಒಳಗಿನ ನರ ಮತ್ತೆ ಸರಿಯಾಗದಷ್ಟು ಉರಿಯೂತಕ್ಕೆ ಒಳಗಾಗಿರುವ ಲಕ್ಷಣಗಳು. ಪಕ್ಕದಲ್ಲಿ ರೋಗಿಯ ಫೋಟೋ. ಯಾರಿಗೆ ಕರಿಯ ಮುಖ, ಯಾರಿಗೆ ಬಿಳಿಯ ಮುಖ ಎಂಬುದನ್ನು ಅದೃಷ್ಟಕ್ಕೆ ಬಿಟ್ಟಿದ್ದರು. ಹಲ್ಲನ್ನು ಅವರು ಆರಿಸಿದ್ದ ಬಗೆಯಲ್ಲೇ ಪ್ರಯೋಗದ ಸೂಕ್ಷ್ಮ ಅಡಗಿತ್ತು. ತೀರಾ ಚೆನ್ನಾಗಿರುವ ಹಲ್ಲನ್ನು ಕೊಟ್ಟಿದ್ದರೆ ಎಲ್ಲರೂ ಉಳಿಸಿ ಎನ್ನುತ್ತಿದ್ದರು, ತೀರಾ ಹೋದ ಹಲ್ಲನ್ನು ಕೊಟ್ಟಿದ್ದರೆ ಕೀಳಿ ಎನ್ನುತ್ತಿದ್ದರು. ಇದು ಎರಡರ ನಡುವಿನ ಹಲ್ಲು. ಅನುಭವಿ ವೈದ್ಯರೂ ಒಂದು ಕ್ಷಣ ಕನ್ನಡಿ ಹಿಡಿದು ಯೋಚಿಸುವಂಥದ್ದು. 2019ರಲ್ಲಿ ಫಲಿತಾಂಶ ಅಚ್ಚಾಯಿತು. ಬಿಳಿಯ ಮುಖ ಕಂಡವರು ರೂಟ್ ಕೆನಾಲ್ ಕಡೆಗೆ, ಕರಿಯ ಮುಖ ಕಂಡವರು ಹಲ್ಲು ಕೀಳುವ ಕಡೆಗೆ ಹೆಚ್ಚು ವಾಲಿದ್ದರು. 57 ಎಂಬುದು ಸಣ್ಣ ಸಂಖ್ಯೆ, ಕಾಗದದ ರೋಗಿ ಕುರ್ಚಿಯಲ್ಲಿ ಕೂತ ರೋಗಿಯಲ್ಲ. ಆದರೂ ಉತ್ತರ ಫ್ಲಾರಿಡಾದ ಲೆಕ್ಕಕ್ಕೆ ಅಂಟಿದ್ದ ನೆಪಗಳೆಲ್ಲ ಇಲ್ಲಿ ಕಳಚಿಬಿದ್ದಿದ್ದವು. ಈ ರೋಗಿ ತಡವಾಗಿ ಬಂದಿರಲಿಲ್ಲ, ಕೀಳಿ ಎಂದು ಕೇಳಿರಲಿಲ್ಲ. ಬದಲಾಗಿದ್ದು ಮುಖ ಒಂದೇ.

ಇನ್ನು ವಿವರಣೆ. ಹಲ್ಲು ಉಳಿಯುತ್ತದೋ ಇಲ್ಲವೋ ಎಂಬುದು ಎಕ್ಸ್-ರೇಯಲ್ಲಿ ಮಾತ್ರ ಬರೆದಿರುವುದಿಲ್ಲ. ಈ ರೋಗಿ ಮತ್ತೆ ಬರುತ್ತಾರೆಯೇ, ಖರ್ಚು ಭರಿಸುತ್ತಾರೆಯೇ, ಬ್ರಷ್ ಸರಿಯಾಗಿ ಮಾಡುತ್ತಾರೆಯೇ ಎಂದು ವೈದ್ಯರು ಊಹಿಸಲೇಬೇಕಾಗುತ್ತದೆ. ಸಾಕ್ಷ್ಯ ಖಚಿತವಿದ್ದಲ್ಲಿ ಊಹೆಗೆ ಕೆಲಸವಿಲ್ಲ. ಸಾಕ್ಷ್ಯ ಮಸುಕಾಗಿ, ಹೊರಗೆ ಸಾಲು ಬೆಳೆದು, ಹೊತ್ತು ಸಾಲದೆ ಹೋದಾಗ ಮನಸ್ಸು ಎದುರಿಗಿರುವ ಒಬ್ಬ ಮನುಷ್ಯನ ಬಗ್ಗೆ ತಿಳಿಯದ ಜಾಗವನ್ನು ಆತನ ಇಡೀ ಗುಂಪಿನ ಬಗ್ಗೆ ಎಂದೋ ಕೇಳಿದ ಮಾತಿನಿಂದ ತುಂಬಿಸಿಕೊಳ್ಳುತ್ತದೆ. ತುಂಬಿಸಿಕೊಂಡದ್ದು ವೈದ್ಯರಿಗೆ ಗೊತ್ತೂ ಆಗುವುದಿಲ್ಲ. ಅದು ಅವರಿಗೆ ಕ್ಲಿನಿಕಲ್ ಅನುಭವದಂತೆಯೇ ಕಾಣುತ್ತದೆ. ಟಾಡ್ ಅವರ ವೈದ್ಯರು ನೋವನ್ನು ಸರಿಯಾಗಿ ಓದಿಯೂ ಔಷಧ ಕೊಡದೇ ಹೋದದ್ದು ಹೀಗೆಯೇ ಇರಬೇಕು. ಹೊಸ ವಿದ್ಯಾರ್ಥಿಗಳ ಪರೀಕ್ಷೆಯಲ್ಲಿ ದಾರ ಸಿಗದೇ ಹೋದದ್ದಕ್ಕೂ ಇದರಲ್ಲಿ ಒಂದು ಸುಳಿವಿದೆ. ಪ್ರಶ್ನೆಪತ್ರಿಕೆಯ ಮುಂದೆ ನೆಮ್ಮದಿಯಾಗಿ ಕೂತವರಿಗೆ ಯೋಚಿಸಲು ಸಮಯವಿರುತ್ತದೆ, ಹಿಂದೆ ಸಾಲಿರುವುದಿಲ್ಲ. ದಂತ ಕಾಲೇಜಿನ ವಿದ್ಯಾರ್ಥಿ ಹಲ್ಲನ್ನು ತೂಗಿ ನೋಡುವುದನ್ನು ಕಲಿಯುವುದು ಸಾಲು ಇರುವ ಕ್ಲಿನಿಕ್ಕಿನಲ್ಲಿ, ಹಿರಿಯರು ಮಾಡುವುದನ್ನು ನೋಡಿ.

ಉಳಿದದ್ದು, ಪಕ್ಕಕ್ಕಿಟ್ಟಿದ್ದ ಆ 67 ಮಂದಿಯ ಲೆಕ್ಕ. ಗ್ರೀನ್ ಅವರ ತಂಡ ಅವರ ಉತ್ತರಗಳನ್ನೂ ಬೇರೆಯಾಗಿ ಬಿಚ್ಚಿ ನೋಡಿತ್ತು. ಅವರ ಬೆರಳೂ ಬಿಳಿಯರ ಕಡೆ ವಾಲಿತ್ತು. ಆದರೆ ಪರೀಕ್ಷೆ ಯಾವುದರ ಬಗ್ಗೆ ಎಂದು ಊಹಿಸಿದ್ದ ಇವರಲ್ಲಿ ಅಂಕಿ ತಲೆಕೆಳಗಾಗಿತ್ತು. ಯಾರ ಬೆರಳು ಹೆಚ್ಚು ವಾಲಿತ್ತೋ ಅವರೇ ಕರಿಯ ರೋಗಿಗೆ ಆ ಔಷಧವನ್ನು ಹೆಚ್ಚಾಗಿ ಕೊಟ್ಟಿದ್ದರು.